ಬೀಜ ತೆಗೆಯುವ ಕೆಲಸ

ಆ ಮನೆಯಲ್ಲಿ ಬೀಜ ಅನ್ನುವ ಮಾತಿಗೆ ಒಂದೇ ಅರ್ಥವಿತ್ತು. ಬಿತ್ತುವವರ ಬೀಜವೂ ಅಲ್ಲ, ಹಣ್ಣಿನೊಳಗಿನ ಬೀಜವೂ ಅಲ್ಲ. ಟಗರುಮರಿಯ ಹಿಂಗಾಲುಗಳ ನಡುವೆ ಜೋತಾಡುವ ಬೀಜ. ಅದನ್ನು ತೆಗೆದುಬಿಟ್ಟರೆ ಮರಿ ಗುದ್ದಾಟ ಮರೆತು, ಹಾಕಿದ್ದನ್ನು ತಿಂದು, ಮೈತುಂಬ ಕೊಬ್ಬಿ ಕತ್ತಿಗೆ ಬರುತ್ತದೆ. ಅಣ್ಣತಮ್ಮಂದಿರದು ಮಾಂಸದಂಗಡಿ. ಮುಂದೆ ಅಂಗಡಿ, ಹಿಂದೆ ಕುರಿದೊಡ್ಡಿ, ಅದರಾಚೆ ಮನೆ. ಕಡಿಯುವುದು, ತೂಗುವುದು, ಗಿರಾಕಿಗಳ ಜೊತೆ ಬಾಯಿ ಮಾಡುವುದು ಅಣ್ಣನ ಪಾಲು. ದೊಡ್ಡಿ ತಮ್ಮನ ಪಾಲು. ತಮ್ಮನನ್ನು ಪೇಟೆಯೆಲ್ಲ ಚಿಕ್ಕ ಅಂತಲೇ ಕರೆಯುತ್ತಿತ್ತು. ಕಿವಿಯ ಪಕ್ಕ ಕೂದಲು ಬೆಳ್ಳಗಾದರೂ ಅವನು ಚಿಕ್ಕನೇ.

ಬೀಜ ತೆಗೆಯುವುದರಲ್ಲಿ ಚಿಕ್ಕನ ಕೈ ಮೀರಿಸಿದವರಿಲ್ಲ. ಮರಿಯ ಹಿಂಗಾಲಿಗೆ ಕಾಲು ಕೊಟ್ಟು ಕೆಡವುವುದು, ಕತ್ತಿನ ಮೇಲೆ ಮಂಡಿ ಊರುವುದು, ಎಡಗೈಯಲ್ಲಿ ಚೀಲ ಬಿಗಿಯಾಗಿ ಹಿಡಿದು ತುದಿ ಸೀಳುವುದು, ಹೆಬ್ಬೆರಳಲ್ಲಿ ಒತ್ತಿ, ಜಾರಿ ಬಂದದ್ದನ್ನು ಎಳೆಯುವುದು. ಮರಿ ಒಮ್ಮೆ ಕಿರುಚುವಷ್ಟರಲ್ಲಿ ಬಕೆಟ್ಟಿನಲ್ಲಿ ಟಪ್ಪೆಂದು ಸದ್ದಾಗುತ್ತಿತ್ತು. ಅವನಿಗೆ ಅದು ನೀರು ಕುಡಿದಷ್ಟು ಸಲೀಸು. ಮರಿಯ ಕಣ್ಣನ್ನು ಮಾತ್ರ ಎಂದೂ ನೋಡುತ್ತಿರಲಿಲ್ಲ.

ಅಣ್ಣನದು ಬೇರೆ ಕೈ. ಬಾಯಿಗಿಂತ ಮುಂಚೆ ಮಾತಾಡುವ ಕೈ. ಅಪ್ಪ ಅಮ್ಮ ಬೇಗ ಹೋದಮೇಲೆ ತಮ್ಮನನ್ನು ಸಾಕಿದ್ದು ಅದೇ ಕೈ. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದ್ದೂ ಅದೇ, ತೂಕದ ಬಟ್ಟಿನಿಂದ ಬೆನ್ನಿಗೆ ಬಾರಿಸಿದ್ದೂ ಅದೇ. ಚಿಕ್ಕನಿಗೆ ಅಣ್ಣ ಅಂದರೆ ಪ್ರಾಣ, ಅಣ್ಣ ಅಂದರೆ ಪ್ರಾಣಭಯ. ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ಅವನು ಹೋದವನಲ್ಲ.

ಮದುವೆಯಾಗಿ ವರ್ಷಗಳು ಉರುಳಿದರೂ ಚಿಕ್ಕನ ಹೆಂಡತಿ ಬಸುರಾಗಲಿಲ್ಲ. ದೊಡ್ಡಿಯಲ್ಲಿ ಮರಿ ಹಾಕದ ಕುರಿಗೆ ಗೊಡ್ಡು ಅನ್ನುತ್ತಾರೆ, ಗೊಡ್ಡನ್ನು ಮೊದಲು ಕಡಿಯುತ್ತಾರೆ. ಅಣ್ಣ ಆ ಲೆಕ್ಕವನ್ನೇ ಮನೆಗೂ ತಂದ.

“ಗೊಡ್ಡನ್ನ ಕಟ್ಕೊಂಡು ಮೇವು ದಂಡ ಮಾಡ್ತೀಯಲ್ಲೋ ಚಿಕ್ಕಾ,” ಎಂದು ಊಟಕ್ಕೆ ಕೂತಾಗಲೆಲ್ಲ ಎನ್ನುತ್ತಿದ್ದ.

ಒಂದು ದಿನ ಅವಳು ತಿರುಗಿ ಮಾತಾಡಿದಳು. “ಭಾವ, ನಾನು ಪರೀಕ್ಷೆ ಮಾಡಿಸ್ಕೊಂಡು ಬಂದಿದೀನಿ. ನನ್ನಲ್ಲಿ ಏನೂ ತೊಂದ್ರೆ ಇಲ್ವಂತೆ.”

ಮಾತು ಮುಗಿಯುವ ಮುಂಚೆ ಸ್ಟೀಲಿನ ತಟ್ಟೆ ಹಾರಿ ಬಂದು ಅವಳ ಹುಬ್ಬಿಗೆ ಬಡಿಯಿತು. ಚರ್ಮ ಬಿರಿದು ರಕ್ತ ಕಣ್ಣಿಗಿಳಿಯಿತು. ಚಿಕ್ಕ ತನ್ನ ತಟ್ಟೆಯನ್ನೇ ನೋಡುತ್ತ ಕೂತ. ಗಂಡ ಅನ್ನಿಸಿಕೊಂಡವನು ಹಾಗೆ ಕೂರಬಾರದಿತ್ತು, ಆದರೂ ಕೂತ. ಅಣ್ಣನ ಎದುರು ಅವನಿಗೆ ಕೂರುವುದೊಂದೇ ಗೊತ್ತಿದ್ದದ್ದು. ಅಣ್ಣ ಕೈ ತೊಳೆಯುತ್ತ, ಬೇರೆ ಹೆಣ್ಣು ನೋಡಿದ್ದೇನೆ, ಇವಳನ್ನು ತವರಿಗೆ ಅಟ್ಟು ಎಂದು ಅಪ್ಪಣೆ ಮಾಡಿದ.

ಹೆಂಡತಿಯದು ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸ. ಇಡೀ ದಿನ ಹಬೆಯ ಮುಂದೆ ನಿಂತು ತೋಳು ಬಲಿತಿದ್ದವು, ಮಾತೂ ಬಲಿತಿತ್ತು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದವಳು ಗಂಡನ ಮುಂದೆ ನಿಂತಳು. “ಈಗ ಪರೀಕ್ಷೆಗೆ ನಿಮ್ಮ ಸರದಿ ರೀ. ಬರಲ್ಲ ಅಂದ್ರೆ ಹೇಳ್ಬಿಡಿ. ನಿಮ್ಮಣ್ಣ ಅಟ್ಟೋವರೆಗೂ ಕಾಯಲ್ಲ, ನಾನೇ ಹೋಗ್ತೀನಿ.”

“ತಪ್ಪು ನನ್ನದೇ ಅಂತ ಬಂದ್ರೆ?”

“ಬಂದ್ರೆ ಬರಲಿ. ಏಟು ಹಂಚ್ಕೊಂಡು ತಿನ್ನೋಣ. ಈಗ ನಾನೊಬ್ಳೇ ತಿಂತಿದೀನಿ.”

ಬಂದದ್ದು ಸೊನ್ನೆ. ಚಿಕ್ಕನ ವೀರ್ಯದಲ್ಲಿ ಒಂದೇ ಒಂದು ಜೀವವೂ ಇರಲಿಲ್ಲ. ಡಾಕ್ಟರು ಬೋಳುತಲೆಯ ಮಾತುಗಾರ. ಶುರುವಿಗೆ ಪುಸ್ತಕದ ಭಾಷೆಯಲ್ಲಿ, “ವೃಷಣದ ಅಂಗಾಂಶದ ಮಾದರಿ ತೆಗೆದು ನೋಡಬೇಕಾಗುತ್ತೆ,” ಎಂದರು. ಚಿಕ್ಕ ಬಾಯಿ ಬಿಟ್ಟುಕೊಂಡು ನೋಡಿದ. “ಬೀಜ ಕಣ್ರೀ, ಬೀಜ!” ಎಂದರು ಡಾಕ್ಟರು.

ಚಿಕ್ಕನ ಕೈ ತಾನಾಗಿ ತೊಡೆಗಳ ನಡುವೆ ಹೋಯಿತು. “ಬೀಜ ತೆಗೀತೀರಾ?”

“ಬೀಜ ತೆಗೆಯಲ್ಲ. ಬೀಜದಿಂದ ತೆಗೀತೀವಿ. ಅಕ್ಕಿಕಾಳಿನಷ್ಟು, ಅಷ್ಟೇ. ಒಳಗೆ ಕಾರ್ಖಾನೆ ನಡೀತಿದ್ಯಾ, ಮುಚ್ಚಿಹೋಗಿದ್ಯಾ ಅಂತ ನೋಡ್ಬೇಕಲ್ಲ. ನಡೀತಿದ್ದು ಹೊರಗೆ ಬರೋ ದಾರಿ ಮಾತ್ರ ಕಟ್ಟಿದ್ರೆ, ಅಲ್ಲಿಂದಲೇ ನಾಲ್ಕು ಜೀವ ಎತ್ಕೊಂಡು ನಿಮ್ಮ ಮನೆಯವರ ಅಂಡದ ಜೊತೆ ಸೇರಿಸ್ತೀವಿ. ಮಗು ಆಗೋ ದಾರಿ ಇದೆ. ಕಾರ್ಖಾನೆನೇ ಮುಚ್ಚಿದ್ರೆ...” ಅಲ್ಲಿಗೆ ಡಾಕ್ಟರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಹೆಂಡತಿ ಆ ‘ದಿಂದ’ವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯ ದಾರಿಯುದ್ದಕ್ಕೂ “ಬೀಜದಿಂದ ರೀ, ಬೀಜ ಅಲ್ಲ,” ಎಂದು ಗಂಡನಿಗೆ ಪಾಠ ಒಪ್ಪಿಸಿದಳು. ಚಿಕ್ಕ ತಲೆಯಾಡಿಸಿದ. ಅವನ ಸಂಸಾರವೆಲ್ಲ ಈಗ ಆ ಒಂದು ಕಾಳಿನ ಮೇಲೆ ನಿಂತಿತ್ತು. ಅದರಲ್ಲಿ ಜೀವವಿದ್ದರೆ ಇವಳು ಉಳಿಯುತ್ತಾಳೆ. ಇಲ್ಲದಿದ್ದರೆ ಅಣ್ಣನ ಎದುರು ನಿಂತು ಇವಳನ್ನು ಉಳಿಸಿಕೊಳ್ಳುವ ತಾಕತ್ತು ತನಗಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ದೊಡ್ಡಿಗೆ ಹೊಸ ಮರಿಗಳು ಬಂದವು. ಚಿಕ್ಕ ಮೊದಲನೆಯದನ್ನು ಕೆಡವಿದ, ಹಿಡಿದ, ಕೈ ತಪ್ಪಿತು. ಸೀಳು ಓರೆಯಾಯಿತು. ಮರಿ ಒದರುತ್ತ ಬಿಡಿಸಿಕೊಂಡು ಓಡಿ ಬೇಲಿಗೆ ತಲೆ ಗುದ್ದಿತು, ದೊಡ್ಡಿಯೆಲ್ಲ ರಕ್ತವಾಯಿತು. ಸದ್ದಿಗೆ ಬಂದ ಅಣ್ಣ ಮರಿಯನ್ನು ಕಿವಿ ಹಿಡಿದು ಎಳೆದು, ಒಂದೇ ಏಟಿಗೆ ಕತ್ತು ಇಳಿಸಿ, ಮುಂಡವನ್ನು ತಮ್ಮನ ಕಾಲಬುಡಕ್ಕೆ ಒದ್ದ.

“ಏನೋ, ಕೈಗೆ ಲಕ್ವ ಹೊಡೀತಾ?” ಎಂದು ಹಸಿಹಸಿ ಅಂಗೈಯಲ್ಲೇ ಕೆನ್ನೆಗೆ ಬಿಟ್ಟ. “ನಾಳೆ ಬೆಳಿಗ್ಗೆ ಎಲ್ಲಾ ಮುಗಿಸ್ಬೇಕು.”

“ನಾಳೆ ಸ್ವಲ್ಪ ಹೊರಗೆ ಹೋಗೋದಿದೆ ಅಣ್ಣ.”

“ಹೆಂಡ್ತಿ ಸೆರಗು ಹಿಡ್ಕೊಂಡಾ? ಹೋಗು, ಹೋಗು. ಇನ್ನೆಷ್ಟು ದಿನ ಅದೂ,” ಎಂದು ಅಣ್ಣ ನಕ್ಕ. ಚಿಕ್ಕ ಕೆನ್ನೆಯ ಮೇಲಿನ ರಕ್ತ ಒರೆಸಿಕೊಂಡ.

ಯಾರಿಗೂ ಹೇಳದೆ ಹೋಗುವುದೆಂದೇ ತೀರ್ಮಾನವಾಗಿತ್ತು. ಆದರೆ ಬೆಳಿಗ್ಗೆ ಒಲೆಯ ಮುಂದೆ ನಿಂತಾಗ ಚಿಕ್ಕನ ಹೆಂಡತಿಯ ಎದೆ ತಡೆಯಲಿಲ್ಲ. ಅಣ್ಣನ ಹೆಂಡತಿಯ ಕಿವಿಯಲ್ಲಿ, “ಅಕ್ಕಾ, ಇವತ್ತು ಪೇಟೆ ಆಸ್ಪತ್ರೇಲಿ ಇವರಿಗೆ ಬೀಜದಿಂದ ತೆಗೀತಾರೆ. ಒಳ್ಳೇದಾದ್ರೆ ಸಾಕು. ಯಾರಿಗೂ ಹೇಳ್ಬೇಡಿ,” ಎಂದುಬಿಟ್ಟಳು. ಅತ್ತಿಗೆ ಕೆಟ್ಟವಳಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲದವಳು. ಇವರು ಅತ್ತ ಹೋದದ್ದೇ ತಡ, ದೊಡ್ಡಿ ದಾಟಿ ಅಂಗಡಿಗೆ ಓಡಿದಳು. ಅಷ್ಟು ಓಡುವಷ್ಟರಲ್ಲಿ ‘ದಿಂದ’ ಕುರಿಗಳ ಕಾಲಡಿಯಲ್ಲೆಲ್ಲೋ ಉದುರಿಹೋಯಿತು.

“ರೀ, ಅವಳು ಆಸ್ಪತ್ರೇಲಿ ನಿಮ್ಮ ತಮ್ಮನ ಬೀಜ ತೆಗೆಸ್ತಿದಾಳಂತೆ!”

ಬೇರೆ ಮನೆಯಲ್ಲಾಗಿದ್ದರೆ ಏನು, ಎಂತು ಎಂದು ಯಾರಾದರೂ ಕೇಳುತ್ತಿದ್ದರು. ಆ ಮನೆಯಲ್ಲಿ ಕೇಳಲು ಏನೂ ಇರಲಿಲ್ಲ. ಅಣ್ಣನ ಕಣ್ಣಮುಂದೆ ಬಂದದ್ದು ದೊಡ್ಡಿಯ ಬಕೆಟ್ಟು. ಅರ್ಧ ಕಡಿದ ತೊಡೆಯನ್ನು ದಿಮ್ಮಿಯ ಮೇಲೆಯೇ ಬಿಟ್ಟು, ಕತ್ತಿ ಮಸೆಯುವ ಕಬ್ಬಿಣದ ಸಲಾಕೆ ಹಿಡಿದು, ರಕ್ತದ ಏಪ್ರನ್ನಿನಲ್ಲೇ ಬೀದಿಗಿಳಿದ. ಎದುರು ಬಂದವರು ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡರು.

ಆಸ್ಪತ್ರೆಯ ಆಪರೇಷನ್ ಕೋಣೆ ತಣ್ಣಗಿತ್ತು. ಚಿಕ್ಕನಿಗೆ ತೊಡಿಸಿದ ಗೌನಿನ ಮಡಿಕೆ ನೋಡಿ, “ಇದು ನಮ್ಮ ಲಾಂಡ್ರಿದೇ, ನಾನೇ ಇಸ್ತ್ರಿ ಹಾಕಿರ್ತೀನಿ,” ಎಂದು ಹೆಂಡತಿ ಬಾಗಿಲಲ್ಲಿ ನಕ್ಕು ಹೊರಗೆ ಉಳಿದಿದ್ದಳು. ಡಾಕ್ಟರು ತೊಡೆಸಂದಿಯಲ್ಲಿ ಸೂಜಿ ಚುಚ್ಚಿದಾಗ ನೋವು ಹೊಟ್ಟೆಯವರೆಗೂ ಹರಿದು, ಆಮೇಲೆ ಜೋಮು ಹಿಡಿಯಿತು. ಚಿಕ್ಕ ತಲೆಯೆತ್ತಿ ನೋಡಿದ. ಡಾಕ್ಟರು ಎಡಗೈಯಲ್ಲಿ ಚೀಲ ಹಿಡಿದು ಬಿಗಿಮಾಡುತ್ತಿದ್ದರು. ಅದು ಅವನದೇ ಹಿಡಿತ. ತಟ್ಟನೆ ತಲೆ ಕೆಳಗಿಟ್ಟ.

“ಎಡಗಡೇದು ಒಣಗಿ ಕಡಲೆಬೀಜದಷ್ಟಾಗಿದೆ,” ಎಂದರು ಡಾಕ್ಟರು. “ಸುತ್ತಲೂ ಹಳೇ ಗಾಯದ ಗಂಟು. ಬಲಗಡೇದು ತುಂಬ್ಕೊಂಡಿದೆ, ಆದ್ರೆ ಅದರ ಹೊರದಾರೀಲೂ ಅದೇ ಗಂಟು. ಇದು ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕವರಿದ್ದಾಗ ಇಲ್ಲಿಗೆ ಜೋರಾಗಿ ಏಟು ಬಿದ್ದಿತ್ತಾ?”

ಇಲ್ಲ ಎನ್ನಲು ಚಿಕ್ಕ ಬಾಯಿ ತೆರೆದ. ಅಷ್ಟರಲ್ಲಿ ನೆನಪಾಯಿತು.

ಹುಡುಗನಾಗಿದ್ದಾಗ ಒಂದು ದಿನ ದೊಡ್ಡಿಯ ಅಗುಳಿ ಹಾಕುವುದನ್ನು ಮರೆತಿದ್ದ. ಟಗರೊಂದು ಬೀದಿಗೆ ನುಗ್ಗಿ ಲಾರಿಗೆ ಸಿಕ್ಕಿ ಸತ್ತಿತ್ತು. ಅಣ್ಣನಿಗೆ ಆಗಿನ್ನೂ ಮೀಸೆ ಚಿಗುರುವ ವಯಸ್ಸು, ಕಾಲಲ್ಲಿ ಸತ್ತ ಅಪ್ಪನ ದೊಡ್ಡ ಬೂಟು. ತಮ್ಮನನ್ನು ಗೋಡೆಗೆ ಆನಿಸಿ ನಿಲ್ಲಿಸಿ ಕಾಲುಗಳ ನಡುವೆ ಒದ್ದ. ಬಿದ್ದಮೇಲೂ ಒದ್ದ. “ಗಂಡಸಾದ್ರೆ ಎದ್ದು ನಿಲ್ಲೋ,” ಎಂದ. ಚಿಕ್ಕ ಎದ್ದು ನಿಂತ. ಊತ ಇಳಿಯುವ ತನಕ ಕಾಲಗಲಿಸಿ ನಡೆದ, ಕೆಂಪಗೆ ಉಚ್ಚೆ ಹೊಯ್ದ, ಯಾರಿಗೂ ಹೇಳಲಿಲ್ಲ. ನೋವಾಯಿತೇನೋ ಎಂದು ಯಾರೂ ಕೇಳಲೂ ಇಲ್ಲ.

“ಬಿದ್ದಿತ್ತು,” ಎಂದ ಚಿಕ್ಕ.

ಡಾಕ್ಟರು ಬಲಗಡೆ ಸೀಳಿ, ಒತ್ತಿದಾಗ ಉಕ್ಕಿ ಬಂದ ಬಿಳಿಹಳದಿ ಎಳೆಗಳಿಂದ ಕತ್ತರಿಯಲ್ಲಿ ಚೂರು ತೆಗೆದರು. ಒಂದಿಷ್ಟನ್ನು ಗಾಜಿನ ಪಟ್ಟಿಗೆ ಸವರಿ ಲ್ಯಾಬಿನವಳಿಗೆ ಕೊಟ್ಟರು. ಅವಳು ಅದನ್ನು ಎದುರು ಕೋಣೆಯ ಸೂಕ್ಷ್ಮದರ್ಶಕಕ್ಕೆ ಒಯ್ದಳು. ಉಳಿದ ಕಾಳನ್ನು ದ್ರವವಿದ್ದ ಗಾಜಿನ ಸೀಸೆಯಲ್ಲಿ ಹಾಕಿ, ಶೀತದ ಪೆಟ್ಟಿಗೆಗೆ ಸೇರಿಸಲು ನರ್ಸಿನ ಕೈಗಿತ್ತರು.

“ಅದು ನೋಡೋಕೆ, ಇದು ಇಟ್ಕೊಳ್ಳೋಕೆ. ನಿಮ್ಮ ಮಗು ಇದರಲ್ಲೇ ಇರಬಹುದು,” ಎಂದು ನಕ್ಕು, ಹೊಲಿಗೆಯ ದಾರಕ್ಕೆ ಕೈ ಚಾಚಿದರು. ನರ್ಸ್ ಹೊರಗೆ ಹೋದಳು.

ಆಗಲೇ ಆಚೆ ಗಾಜಿನ ಬಾಗಿಲು ಒಡೆದು ಸುರಿಯಿತು.

“ಎಲ್ಲೋ ನನ್ನ ತಮ್ಮ? ಎಲ್ಲಿ ಕಟ್ಹಾಕಿದೀರೋ ಅವನ್ನ?” ಅಣ್ಣನ ದನಿ. ಕಾವಲುಗಾರ ಸಾರ್, ಸಾರ್ ಎಂದದ್ದು ಕೇಳಿಸಿತು, ಹಿಂದೆಯೇ ಮೂಳೆಗೆ ಕಬ್ಬಿಣ ಬಿದ್ದ ಸದ್ದು. ಆ ಸದ್ದು ಚಿಕ್ಕನಿಗೆ ದಿನನಿತ್ಯದ್ದು. ಆಮೇಲೆ ಹೆಂಡತಿಯ ಕೂಗು: “ಭಾವ, ಬೀಜ ಅಲ್ಲ! ಬೀಜದಿಂದ! ಬೀಜದಿಂದ ಭಾವ!”

“ಗೊಡ್ಡುಮುಂಡೆ, ನಿನಗಿಲ್ಲದ್ದು ಅವನಿಗೂ ಇರಬಾರದು ಅಂತ ತೆಗೆಸ್ತೀಯೇನೇ?”

ಏಟು ಬಿತ್ತು. ಗೋಡೆಗೆ ಅವಳ ತಲೆ ಬಡಿದ ಸದ್ದು ಬಂತು.

“ಏ ನರ್ಸಮ್ಮ, ಆ ಸೀಸೆ ತಾ ಇಲ್ಲಿ! ನನ್ನ ತಮ್ಮಂದು ಅದು! ವಾಪಸ್ ಇಟ್ಟು ಹೊಲೀರೋ!”

ಚಿಕ್ಕ ಮೇಜಿನಿಂದ ಇಳಿದ. ಡಾಕ್ಟರು ಭುಜ ಹಿಡಿದರು, ತಳ್ಳಿದ. ಗಾಯಕ್ಕೆ ಒತ್ತಿದ್ದ ಬಟ್ಟೆ ಬಿದ್ದುಹೋಗಿ ತೊಡೆಯ ಒಳಬದಿಯಲ್ಲಿ ಬೆಚ್ಚಗೆ ಇಳಿಯತೊಡಗಿತು. ಬಾಗಿಲು ದೂಡಿದಾಗ ಕಂಡದ್ದು ಇಷ್ಟು. ಕಾವಲುಗಾರ ಮುರಿದ ಮೂಗು ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದ. ಹೆಂಡತಿ ಗೋಡೆಗೊರಗಿ ಕೂತು ಹಲ್ಲೊಂದನ್ನು ಅಂಗೈಗೆ ಉಗುಳುತ್ತಿದ್ದಳು. ಅಣ್ಣ ನರ್ಸಿನ ಕೈ ತಿರುಚಿ ಸೀಸೆ ಕಿತ್ತುಕೊಂಡು ಬೆಳಕಿಗೆ ಹಿಡಿದಿದ್ದ.

“ಇಷ್ಟೇನಾ? ಇನ್ನೊಂದೆಲ್ಲಿ?” ಎಂದ ಗಾಬರಿಯಿಂದ. ಕೊಬ್ಬು ಮೆತ್ತಿದ ಕೈ ಜಿಡ್ಡುಜಿಡ್ಡು. ಸೀಸೆ ಜಾರಿ ಬಿದ್ದು ಒಡೆಯಿತು. ಹಿಡಿಯಲು ಮುಂದಡಿಯಿಟ್ಟವನ ಬೂಟು ಅದರ ಮೇಲೆಯೇ ಬಿತ್ತು. ಕರಕ್ಕೆಂದಿತು.

ತಲೆಯೆತ್ತಿದ ಅಣ್ಣನಿಗೆ ತಮ್ಮನ ಕಾಲಗುಂಟ ಇಳಿಯುತ್ತಿದ್ದ ರಕ್ತ ಕಂಡಿತು. “ಅಯ್ಯೋ ಚಿಕ್ಕಾ, ತೆಗೆದೇಬಿಟ್ರಲ್ಲೋ!” ಎಂದು ಗೋಳಿಟ್ಟವನು, ಸಲಾಕೆ ಎತ್ತಿ ಮತ್ತೆ ತಮ್ಮನ ಹೆಂಡತಿಯ ಕಡೆ ತಿರುಗಿದ.

ಸಲಾಕೆ ಕೆಳಗಿಳಿಯಲಿಲ್ಲ. ಚಿಕ್ಕ ಹಿಂದಿನಿಂದ ಕಾಲು ಕೊಟ್ಟ. ಅಷ್ಟು ದೊಡ್ಡ ಆಳು ಟಗರಿನ ಹಾಗೆ ನೆಲಕ್ಕೆ ಬಿದ್ದ. ಕತ್ತಿನ ಮೇಲೆ ಮಂಡಿ ಊರಿತು, ಎಡಗೈ ಏಪ್ರನ್ನಿನ ಕೆಳಗೆ ಹೋಗಿ ಬಟ್ಟೆಯ ಮೇಲಿಂದಲೇ ಹಿಡಿದು ಬಿಗಿಮಾಡಿತು. ಇದೆಲ್ಲ ಯೋಚಿಸಿ ಮಾಡಿದ್ದಲ್ಲ, ಕೈಗೆ ಗೊತ್ತಿದ್ದ ಕೆಲಸ. ಬಲಗೈ ನೆಲ ತಡಕಿತು, ಒಡೆದ ಬಾಗಿಲಿನ ಉದ್ದನೆಯ ಗಾಜು ಸಿಕ್ಕಿತು. ಅದು ಅವನ ಬೆರಳನ್ನೂ ಕುಯ್ದಿತು. ಅಣ್ಣ ಒಮ್ಮೆ ಕಿರುಚಿದ, ಮರಿಗಳು ಕಿರುಚುವ ಹಾಗೆಯೇ. ಜೀವಮಾನದಲ್ಲಿ ಮೊದಲ ಸಲ ಚಿಕ್ಕ ಕೆಳಗೆ ಬಿದ್ದದ್ದರ ಕಣ್ಣು ನೋಡಿದ.

“ಟಗರು ತಪ್ಪಿಸ್ಕೊಂಡು ಹೋಗಿತ್ತು. ನೆನಪಿದ್ಯಾ?”

“ಯಾವ ಟಗರೋ? ಬಿಡೋ, ಉಸಿರು...”

“ಗೋಡೆಗೆ ನಿಲ್ಸಿ ಒದ್ದೆ. ಬಿದ್ಮೇಲೂ ಒದ್ದೆ. ಗಂಡಸಾದ್ರೆ ಎದ್ದು ನಿಲ್ಲು ಅಂದೆ. ನನ್ನ ಬೀಜ ಇವತ್ತು ಯಾರೂ ತೆಗೀಲಿಲ್ಲ ಅಣ್ಣ. ಆವತ್ತೇ ನೀನು ತೆಗೆದೆ. ಒಳಗೆ ಇನ್ನೂ ನಿನ್ನ ಬೂಟಿನ ಗುರುತಿದೆ. ಡಾಕ್ಟ್ರು ನೋಡಿದ್ರು.”

ಅಣ್ಣನಿಗೆ ನೆನಪಾಯಿತು. ನೆನಪಾದದ್ದು ಅವನ ಕಣ್ಣಲ್ಲೇ ಕಂಡಿತು. ಸಲಾಕೆ ಹಿಡಿದಿದ್ದ ಬೆರಳು ಸಡಿಲಾದವು. “ನಾನೂ ಹುಡುಗ ಕಣೋ ಆಗ,” ಎಂದ.

ಚಿಕ್ಕ ಗಾಜನ್ನು ಒತ್ತಿದ. ಬಟ್ಟೆ ಹರಿಯಿತು, ಅದರಡಿಯ ಚರ್ಮಕ್ಕೂ ತಾಗಿತು. ಡಾಕ್ಟರು ಬೇಡ, ಬೇಡ ಎನ್ನುತ್ತ ಹತ್ತಿರ ಬರಲು ಹೆದರಿ ನಿಂತಿದ್ದರು. ಚಿಕ್ಕನಿಗೆ ಆ ಹೊತ್ತು ಬೇಕಾಗಿದ್ದದ್ದು ಬಕೆಟ್ಟಿನ ಆ ಟಪ್ಪೆಂಬ ಸದ್ದು. ಅದೊಂದು ಕೇಳಿಸಿದರೆ ಒಳಗಿನದೆಲ್ಲ ತಣ್ಣಗಾಗುತ್ತದೆ ಎನ್ನಿಸಿತ್ತು. ಅವನು ನಿಲ್ಲಿಸುತ್ತಿರಲಿಲ್ಲ.

ಎದುರು ಕೋಣೆಯಿಂದ ಲ್ಯಾಬಿನವಳು ಕೂಗಿದಳು. ಗಲಾಟೆಗೆ ಹೆದರಿ ಚಿಲಕ ಹಾಕಿಕೊಂಡವಳು, ಬೇರೇನೂ ತೋಚದೆ ತನ್ನ ಕೆಲಸಕ್ಕೇ ಕಣ್ಣಿಟ್ಟಿದ್ದಳು.

“ಇದೆ! ಡಾಕ್ಟ್ರೇ, ಇದೆ! ಬಾಲ ಆಡಿಸ್ತಿವೆ!”

ಮೊದಲು ಬಾಯಿಬಿಟ್ಟವನು ಕೆಳಗಿದ್ದ ಅಣ್ಣ. “ಇದ್ಯಂತೆ ಕಣೋ ಚಿಕ್ಕಾ!” ಎಂದ. ಕತ್ತಿನ ಮೇಲೆ ಮಂಡಿಯಿದ್ದರೂ, ತೊಡೆಸಂದಿಯಲ್ಲಿ ಗಾಜಿದ್ದರೂ ಅವನ ಕಣ್ಣು ತುಂಬಿ ಮುಖದ ಮೇಲೆ ನಗು ಬಂದಿತ್ತು. ಜ್ವರ ಬಿಟ್ಟ ತಮ್ಮನನ್ನು ಹೆಗಲಿನಿಂದ ಇಳಿಸುವಾಗ ನಕ್ಕಿದ್ದ ನಗುವೇ ಅದು. ಚಿಕ್ಕನಿಗೆ ಅದನ್ನು ತಡೆಯಲಾಗಲಿಲ್ಲ. ಗಾಜು ಕೈಯಿಂದ ಜಾರಿತು.

“ಇತ್ತು,” ಎಂದ. “ಇಟ್ಕೊಳ್ಳೋಕೆ ಅಂತ ತೆಗೆದದ್ದನ್ನ ನೀನು ತುಳಿದೆ.”

ಅಣ್ಣ ಎದ್ದು ಕೂತ. ಬಲಗಾಲ ಬೂಟಿನ ಅಡಿ ತಿರುಗಿಸಿ ನೋಡಿದ. ದೊಡ್ಡಿಯ ಕೆಸರು ಕಟ್ಟಿದ ಗೆರೆಗಳಲ್ಲಿ, ಗಾಜಿನ ಪುಡಿಯ ನಡುವೆ, ಬೆಳ್ಳಗೆ ಏನೋ ಅಂಟಿತ್ತು. ಆವತ್ತು ಒದ್ದದ್ದೂ ಅದೇ ಕಾಲು. ಬೂಟು ಕಳಚಿ ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಕೆದಕತೊಡಗಿದ. “ಇಲ್ಲೇ ಇದೆ. ಇರು, ತೆಗೀತೀನಿ. ತೊಳೆದು ಕೊಡ್ತೀನಿ. ತೊಳೆದ್ರೆ ಏನೂ ಆಗಲ್ಲ, ಅಲ್ವಾ ಡಾಕ್ಟ್ರೇ?” ಎಲುಬಿನಿಂದ ನರ ಬಿಡಿಸುವ ಬೆರಳುಗಳು ಗಾಜಿನ ಪುಡಿಯನ್ನು ಒಂದೊಂದಾಗಿ ಆರಿಸತೊಡಗಿದವು.

ಹೆಂಡತಿ ಗೋಡೆ ಹಿಡಿದು ಎದ್ದಳು. ಬಂದು ಆ ಬೂಟನ್ನು ಅವನ ಕೈಯಿಂದ ಕಿತ್ತುಕೊಂಡಳು. ಮೊದಲ ಏಟು ಕೆನ್ನೆಗೆ ಬಿತ್ತು. “ಇದು ತಟ್ಟೆಗೆ.” ಮುಂದಿನದು ಬಾಯಿಗೆ. “ಇದು ಗೊಡ್ಡು ಅಂದಿದ್ದಕ್ಕೆ.” ಆಮೇಲೆ ಯಾವುದು ಯಾವುದಕ್ಕೆ ಎಂದು ಹೇಳುವುದನ್ನು ಬಿಟ್ಟಳು. ಇಸ್ತ್ರಿಯ ಮುಂದೆ ಬಲಿತ ತೋಳು, ಮೆಟ್ಟಿನೇಟು ಎಣಿಕೆಗೆ ಸಿಗದೆ ಬಿತ್ತು. ಪೇಟೆಯನ್ನೇ ನಡುಗಿಸುತ್ತಿದ್ದ ಅಣ್ಣ ಕೈ ಅಡ್ಡ ಹಿಡಿಯಲಿಲ್ಲ. ಈಗ ಸುಮ್ಮನೆ ಕೂರುವ ಸರದಿ ಅವನದಾಗಿತ್ತು, ಕೂತ.

ಚಿಕ್ಕ ಅವಳನ್ನು ತಡೆಯಲಿಲ್ಲ.

ಡಾಕ್ಟರು ಅವನ ತೋಳು ಹಿಡಿದರು. “ಗಾಯ ಇನ್ನೂ ಹೊಲಿದಿಲ್ಲ. ಮತ್ತೆ ತೊಳೆದು ಇನ್ನೊಂದು ಚೂರು ತೆಗೀಬಹುದು, ಆದ್ರೆ ಈಗಲೇ. ಜೋಮು ಇಳೀತಿದೆ, ಇನ್ನೊಂದು ಸೂಜಿ ಚುಚ್ಚಿದ್ರೂ ಪೂರ್ತಿ ಹಿಡಿಯಲ್ಲ. ತುಂಬಾ ನೋವಾಗುತ್ತೆ. ಬೇಡ ಅಂದ್ರೆ ತಿಂಗಳುಗಟ್ಟಲೆ ಕಾಯ್ಬೇಕು.”

“ಕುಯ್ಯಿರಿ,” ಎಂದ ಚಿಕ್ಕ. ತಾನೇ ನಡೆದು ಹೋಗಿ ಮೇಜಿನ ಮೇಲೆ ಮಲಗಿದ.

ತೊಳೆದರು, ಚುಚ್ಚಿದರು, ಕುಯ್ದರು. ಹೊರಗೆ ಏಟಿನ ಸದ್ದು ನಿಂತಿತ್ತು. ಹೆಂಡತಿ ಒಡೆದ ತುಟಿಗೆ ಬಟ್ಟೆ ಒತ್ತಿಕೊಂಡು ಬಂದು ಅವನ ತಲೆಯ ಬಳಿ ನಿಂತಳು, ಯಾರೂ ಅವಳನ್ನು ಹೊರಗೆ ಹೋಗು ಎನ್ನಲಿಲ್ಲ. ಕತ್ತರಿ ಒಳಗೆ ಕಚ್ಚಿದಾಗ ಚಿಕ್ಕನ ಬಾಯಿಂದ ಕೂಗೊಂದು ಬಂದೇಬಿಟ್ಟಿತು, ದೊಡ್ಡಿಯಲ್ಲಿ ಅವನು ದಿನವೂ ಕೇಳುತ್ತಿದ್ದಂಥದ್ದು.

ಅರ್ಧ ತೆರೆದ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. ಮುಖ ಊದಿ ಗುರುತು ಸಿಗದಂತಾಗಿತ್ತು. ಬೂಟಿಲ್ಲದ ಬಲಗಾಲಿಗೆ ಗಾಜು ಚುಚ್ಚಿ, ಅವನು ನಡೆದುಬಂದಷ್ಟೂ ನೆಲ ಕೆಂಪಾಗಿತ್ತು. ಒಳಗೆ ಕಾಲಿಡುವ ಧೈರ್ಯವಾಗದೆ ಹೊಸ್ತಿಲಾಚೆಯೇ ನಿಂತ.

“ನೋವಾಗ್ತಿದ್ಯೇನೋ ಚಿಕ್ಕಾ?”

ಆ ಮಾತಿಗಾಗಿ ಗೋಡೆಗೊರಗಿ ನಿಂತ ಹುಡುಗನೊಬ್ಬ ಬಹಳ ಕಾಲ ಕಾದಿದ್ದ. ಚಿಕ್ಕ ಅಣ್ಣನನ್ನು ನೋಡಿದ. ಆಮೇಲೆ ಹೆಂಡತಿಯ ಬಾಯಲ್ಲಿ ಹಲ್ಲಿದ್ದ ಜಾಗ ನೋಡಿದ.

“ಬಾಗಿಲು ಹಾಕು,” ಎಂದ.

ಅವಳು ಹೋಗಿ ಬಾಗಿಲು ಹಾಕಿದಳು.